ಡೈನಮೋ ಇದ್ದಷ್ಟು ದಿನ

ಸುಮ್ಮನೆ ಕೂರುವುದು ನನ್ನಿಂದಾಗದ ಕೆಲಸ. ಬಸ್ಸು ತಡವಾದರೆ ನಿಲ್ದಾಣದ ಈ ತುದಿಯಿಂದ ಆ ತುದಿಗೆ ತಿರುಗುತ್ತಲೇ ಇರುತ್ತೇನೆ. ಕುಕ್ಕರ್ ಸೀಟಿ ಹೊಡೆಯುವ ತನಕವೂ ನನಗೆ ತಾಳ್ಮೆ ಇಲ್ಲ, ಮುಚ್ಚಳ ಅಲುಗಾಡಿಸಿ ನೋಡುತ್ತೇನೆ. ನನ್ನ ಗಂಡ ಇದಕ್ಕೆ ಪೂರ್ತಿ ಉಲ್ಟಾ. ಮನೆಗೆ ಬೆಂಕಿ ಬಿತ್ತು ಎಂದರೂ ಚಹಾ ಮುಗಿಸಿ, ಬಟ್ಟಲು ತೊಳೆದಿಟ್ಟು ಏಳುವ ಪೈಕಿ. ಇಂಥವರ ಪಕ್ಕದ ಸೀಟಿನಲ್ಲಿ ಕೂತು ಬೈಲಹೊಂಗಲದಿಂದ ಸಂತೆ ಸಂತೆ ತಿರುಗುತ್ತಾ ನನ್ನ ಅರ್ಧ ಆಯುಷ್ಯ ಕಳೆದಿದೆ.

ನಮ್ಮದು ಸೀರೆ ವ್ಯಾಪಾರ. ರಾಮದುರ್ಗದ ನೇಕಾರರ ಮನೆಗಳಿಂದ ಸೀರೆ ಎತ್ತಿ ಮುರಗೋಡ, ಮನೋಳಿ, ಕಿತ್ತೂರು ಎಂದು ಸಂತೆಗಳಲ್ಲಿ ಮಾರುತ್ತೇವೆ. ಅಂಗಡಿ ಇಲ್ಲ. ಕಾರೇ ಅಂಗಡಿ. ಅದು ನಮ್ಮ ಮಾವನವರ ಕಾಲದ್ದು, ಗುಂಡು ಮೈಯ ಕಾರು, ತಲೆಯ ಮೇಲೆ ಕಬ್ಬಿಣದ ಕ್ಯಾರಿಯರ್. ಈಗಿನ ಕಾರುಗಳ ನಡುವೆ ನಿಂತರೆ ಮದುವೆ ಮನೆಯಲ್ಲಿ ಪಟಗಾ ಸುತ್ತಿಕೊಂಡು ಕೂತ ಅಜ್ಜನ ಹಾಗೆ ಕಾಣುತ್ತದೆ. ಜನ ಫೋಟೋ ತೆಗೆಯುತ್ತಾರೆ, ಆಮೇಲೆ ಸೀರೆ ನೋಡುತ್ತಾರೆ. ಹಾಗಾಗಿ ಅದನ್ನು ಮಾರುವ ಮಾತು ನಮ್ಮಲ್ಲಿ ಎಂದೂ ಬಂದಿರಲಿಲ್ಲ.

ಆ ಕಾರಿನ ಒಂದೇ ರೋಗವೆಂದರೆ ಅದರ ಡೈನಮೋ. ಎಂಜಿನ್ ತಿರುಗಿದಾಗ ಪಟ್ಟಿಯ ಮೂಲಕ ಡೈನಮೋ ತಿರುಗುತ್ತದೆ, ಕರೆಂಟ್ ಹುಟ್ಟುತ್ತದೆ, ದೀಪ ಉರಿಯುತ್ತದೆ. ಆದರೆ ಗಾಡಿ ನಿಧಾನವಾಯಿತೋ, ಕರೆಂಟ್ ಇಲ್ಲ. ಓಡುವಾಗ ಬೆಳ್ಳಗಿರುವ ಹೆಡ್‌ಲೈಟ್ ರಸ್ತೆಯ ಹಂಪಿನ ಮುಂದೆ ನಿಧಾನ ಮಾಡಿದ ಕೂಡಲೇ ಚಿಮಣಿ ಬುಡ್ಡಿಯಷ್ಟಾಗುತ್ತದೆ. ರಸ್ತೆ ಕಾಣಬೇಕಾದ ಜಾಗದಲ್ಲೇ ಕತ್ತಲು.

ಇದರಿಂದಾಗಿ ನಮ್ಮ ಮುಂದಿನ ಸೀಟಿನಲ್ಲಿ ಒಂದು ಪದ್ಧತಿ ಬೆಳೆದುಬಿಟ್ಟಿತ್ತು. ಹಗಲಲ್ಲಿ ನಾನೂ ಕಾರು ಓಡಿಸುತ್ತೇನೆ, ಮದುವೆಯಾದ ಹೊಸತರಲ್ಲಿ ಹತ್ತಿ ಮಾರುಕಟ್ಟೆಯ ಬಯಲಿನಲ್ಲಿ ಅವರೇ ಕಲಿಸಿದ್ದು. ಆದರೆ ಕತ್ತಲಾದರೆ ಸ್ಟೇರಿಂಗ್ ಅವರದು, ಬಾಯಿ ನನ್ನದು. ನಾನು ಕಿಟಕಿಗೆ ಆತು ಕೂತು ಮುಂದೆ ಬರುವುದನ್ನೆಲ್ಲ ಕೂಗಿ ಹೇಳಬೇಕು.

"ಏನ ಬಂತ ಮುಂದ?" ಎಂದು ಅವರು ಕೇಳುವುದು.

"ಚಕ್ಕಡಿ ಬಂತ್ರಿ. ಎಡಕ್ಕ ಎಮ್ಮಿ ಅದಾವ, ಸಾವಕಾಶ," ಎಂದು ನಾನು ಹೇಳುವುದು.

ಸುಮ್ಮನಿರಲಾಗದ ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾರು ಕೊಟ್ಟಾರು? ಎಮ್ಮೆ, ನಾಯಿ, ತಗ್ಗು, ರಸ್ತೆಗೆ ಒಣಹಾಕಿದ ಜೋಳದ ರಾಶಿ, ಎಲ್ಲ ಕೂಗಿದ್ದೇನೆ. ನನ್ನ ಬಾಯಿ ಬಂದ್ ಆದರೆ ಕಾರೂ ಬಂದ್ ಎಂದು ಮಗಳು ನಗುತ್ತಿದ್ದಳು.

ಕಳೆದ ಕಬ್ಬಿನ ಸುಗ್ಗಿಯಲ್ಲಿ ಆ ನಗು ನಿಂತಿತು. ಮುರಗೋಡದ ಸಂತೆ ಮುಗಿಸಿ ಬರುತ್ತಿದ್ದೆವು. ಹಂಪು ಬಂತು, ಗಾಡಿ ನಿಧಾನವಾಯಿತು, ದೀಪ ಹಳದಿಯಾಯಿತು. ಮುಂದೆ ಕಬ್ಬು ಹೇರಿದ ಟ್ರೇಲರ್ ನಿಂತಿತ್ತು, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ನಾನು ಕೂಗುವಷ್ಟರಲ್ಲಿ ಕಬ್ಬಿನ ಗಣಿಕೆಗಳು ನನ್ನ ಕಡೆಯ ಗಾಜಿಗೆ ಉಜ್ಜಿಕೊಂಡು ಹೋದವು. ಕನ್ನಡಿ ಕಿತ್ತುಬಿತ್ತು. ನಮಗೇನೂ ಆಗಲಿಲ್ಲ, ಆದರೆ ಮನೆಗೆ ಬಂದ ಕೂಡಲೇ ನಾನು ಮಗಳಿಗೆ ಫೋನು ಹಚ್ಚಿ ಎಲ್ಲ ಹೇಳಿದೆ.

ಮಗಳು ಫೋನಿನಲ್ಲಿ ಖಡಾಖಂಡಿತ ಹೇಳಿದಳು. "ಅವ್ವಾ, ಅಪ್ಪ ಇನ್ನ ಕತ್ತಲಾಗ ಗಾಡಿ ಹೊಡಿಯೂದು ಬ್ಯಾಡ. ಗಾಡಿ ಮಾರಿ ಮನ್ಯಾಗ ಕುಂದರ್ರಿ."

ಮನೆಯಲ್ಲಿ ಕೂರುವುದು! ಸಂತೆ ಮುಗಿಯುವುದೇ ಹೊತ್ತು ಮುಳುಗಿದ ಮೇಲೆ. ಕತ್ತಲಲ್ಲಿ ಕಾರು ಓಡಿಸಬಾರದು ಎಂದರೆ ವ್ಯಾಪಾರ ಬಿಡಬೇಕು ಎಂದೇ ಅರ್ಥ. ವ್ಯಾಪಾರ ಬಿಟ್ಟರೆ ಆ ಮುಂದಿನ ಸೀಟೂ ಇಲ್ಲ, ನಾವಿಬ್ಬರೂ ಪಡಸಾಲೆಯಲ್ಲಿ ಟಿವಿ ಎದುರು ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರಬೇಕು. ನೆನೆಸಿಕೊಂಡರೇ ನನಗೆ ಮೈಯೆಲ್ಲ ಕಸಿವಿಸಿ. ನಾನು ಮಗಳಿಗೆ ಮಾತು ಕೊಟ್ಟೆ, ಡೈನಮೋ ಕಿತ್ತು ಆಲ್ಟರ್ನೇಟರ್ ಹಾಕಿಸುತ್ತೇನೆ, ಬೆಳಕು ಸರಿಯಾದರೆ ಓಡಿಸುತ್ತೇವೆ, ಆಗಲಿಲ್ಲ ಎಂದರೆ ನಾನೇ ಕಾರು ಮಾರಿಸುತ್ತೇನೆ.

ಆಲ್ಟರ್ನೇಟರ್ ಎಂದರೆ ಡೈನಮೋದ್ದೇ ಕೆಲಸ, ಆದರೆ ಎಂಜಿನ್ ನಿಧಾನ ತಿರುಗಿದರೂ ಕರೆಂಟ್ ಕೊಡುತ್ತದೆ. ಈಗಿನ ಎಲ್ಲ ಗಾಡಿಗಳಲ್ಲೂ ಅದೇ ಇರುವುದು. ಇಷ್ಟು ವರ್ಷ ಯಾಕೆ ಹಾಕಿಸಲಿಲ್ಲ ಎಂದರೆ, ನಮ್ಮ ಯಜಮಾನರು ಹಾಕಿಸಲಿಲ್ಲ. ಎಲ್ಲದಕ್ಕೂ "ಆತು ತಗೋ" ಎನ್ನುವ ಮನುಷ್ಯ ಇದೊಂದಕ್ಕೆ ಹಟ ಹಿಡಿದರು.

"ಡೈನಮೋಕ್ಕ ಏನಾಗೇತಿ? ನಮ್ಮಪ್ಪನ ಕಾಲದಿಂದ ನಡದೈತಿ."

"ನಿಮ್ಮಪ್ಪನ ಕಾಲದಾಗ ರಸ್ತೆದಾಗ ಮೂರ ಗಾಡಿ ಇದ್ದುವ್ರಿ. ಈಗ ನೋಡ್ರಿ."

"ಬ್ರ್ಯಾಕೆಟ್ ಕೂಡೂದಿಲ್ಲ. ಈ ಅಮಾಸಿ ಆಗಲಿ, ನೋಡೂಣಂತ."

ಆ ಅಮಾವಾಸ್ಯೆ ಆಯಿತು, ಇನ್ನೊಂದೂ ಆಯಿತು. ನನಗೆ ತಲೆ ಕೆಟ್ಟುಹೋಯಿತು. ಅಪ್ಪನ ವಸ್ತುವಿನ ಮೇಲೆ ಇಷ್ಟು ಮೋಹವೇ, ಹೆಂಡತಿಯ ಜೀವಕ್ಕಿಂತ ಹೆಚ್ಚೇ ಎಂದು ಬಾಯಿಗೆ ಬಂದಂತೆ ಅಂದೆ. ಅವರು ತಲೆ ತಗ್ಗಿಸಿ ಸೀರೆಯ ಮಡಿಕೆ ಸರಿಮಾಡುತ್ತಾ ಕೂತರು. ಮರುದಿನ ಬೆಳಿಗ್ಗೆ ನಾನೇ ಕಾರಿನ ಕೀಲಿ ಎತ್ತಿಕೊಂಡು, ಅವರನ್ನು ಎಡಗಡೆ ಕೂರಿಸಿಕೊಂಡು ಸವದತ್ತಿಗೆ ಹೊರಟೆ.

ಸವದತ್ತಿಯಲ್ಲಿ ಗುಡ್ಡಕ್ಕೆ ಹೋಗುವ ರಸ್ತೆಯ ಬುಡದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾನೆ, ಗಾಡಿಗಳ ವಯರಿಂಗ್ ಮಾಡುವವನು. ಕೆಲಸ ಬಲ್ಲ, ಆದರೆ ಬಾಯಿ ಕೈಗಿಂತ ಮುಂದೆ. ಕಿವಿ ಮತ್ತು ಹೆಗಲ ನಡುವೆ ಸದಾ ಒಂದು ಫೋನು. "ನಾಳೆ ಸಂಜಿಕ ಗಾಡಿ ನಿಮ್ಮ ಕೈಯಾಗ್ರೀ ಅಕ್ಕಾರ," ಎಂದ. ಅವನ ಆ ನಾಳೆ ಬರಲೇ ಇಲ್ಲ. ಗುಡ್ಡದ ದೇವಿಯ ದರ್ಶನಕ್ಕೆ ದೂರದಿಂದ ಬಂದವರ ಗಾಡಿ ಕೆಟ್ಟರೆ ಅವರದೇ ಮೊದಲು, ನಾವು ಈ ಕಡೆಯ ಮಂದಿ, ಕಾಯಬಹುದು. ಹಳೆಯ ಕಾರಿಗೆ ಹೊಂದುವ ಬ್ರ್ಯಾಕೆಟ್, ಅಂದರೆ ಆಲ್ಟರ್ನೇಟರ್ ಕೂಡಿಸುವ ಆಧಾರದ ಕಬ್ಬಿಣ, ಸಿಗಲಿಲ್ಲ ಎಂದು ಕಿತ್ತೂರಿನ ಲೇಥ್ ಅಂಗಡಿಗೆ ನಾನೇ ಬಸ್ಸಿನಲ್ಲಿ ಹೋಗಿ ಮಾಡಿಸಿ ತಂದೆ. ಅದು ಒಂದು ಬೆರಳು ಉದ್ದವಾಗಿ, ಮತ್ತೆ ಹೋಗಿ ಕೊಯ್ಯಿಸಿದೆ. ಬಸ್ಸಿನಲ್ಲಿ ಆ ಕಬ್ಬಿಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ ಡ್ರೈವರನನ್ನು ಇಳಿಸಿ ನಾನೇ ಓಡಿಸಿಬಿಡಲೇ ಎನ್ನಿಸುತ್ತಿತ್ತು.

ಕೊನೆಗೊಂದು ದಿನ ಎಲೆಕ್ಟ್ರಿಷಿಯನ್ ಕೆಲಸ ಹಿಡಿದ. ಡೈನಮೋ ಇಳಿಯಿತು, ಅದರ ಜಾಗಕ್ಕೆ ಒಂದು ಸಣ್ಣ ವ್ಯಾನಿನ ಆಲ್ಟರ್ನೇಟರ್ ಏರಿತು. ಆಮೇಲೆ ಅವನು ನಮ್ಮಿಬ್ಬರನ್ನೂ ಬಾನೆಟ್ ಹತ್ತಿರ ಕರೆದ.

"ಇದನ್ನ ಛಲೋತ್ನಂಗ ಕೇಳ್ರಿ. ಹಳೇ ಗಾಡ್ಯಾಗ ಬ್ಯಾಟರಿ ಪ್ಲಸ್ಸು ಗಾಡಿ ಮೈಗೆ ಹತ್ತಿರತೈತಿ. ಆಲ್ಟರ್ನೇಟರಿಗೆ ಅದು ನಡಿಯೂದಿಲ್ಲ, ಉಲ್ಟಾ ಬೇಕು. ನಾ ಬದಲ ಮಾಡೇನಿ. ಈ ಕೆಂಪ ಟೇಪ್ ಸುತ್ತಿದ್ದು ಪ್ಲಸ್, ಇದು ಗಾಡಿ ಮೈಗೆ ಹತ್ತಬಾರದು. ಹತ್ತಿದ್ರ ಎಲ್ಲಾ ಸುಟ್ಟು ಬೂದಿ."

"ಕೆಂಪು," ಎಂದು ನನ್ನ ಗಂಡ ಮೆಲ್ಲಗೆ ಹೇಳಿದರು.

ಎಂಜಿನ್ ಚಾಲೂ ಮಾಡಿ ಲೈಟ್ ಹಾಕಿದ. ಹಾಡಹಗಲು, ಆದರೂ ಎದುರಿನ ಗೋಡೆಯ ಮೇಲೆ ಎರಡು ಬಿಳಿ ವೃತ್ತ ಮೂಡಿದವು. ಎಂಜಿನ್ ಎಷ್ಟು ನಿಧಾನ ಮಾಡಿದರೂ ಅವು ಅಳುಕಲಿಲ್ಲ. ನನಗೆ ಕುಣಿಯುವಷ್ಟು ಖುಷಿ. ತಿರುಗಿ ನೋಡಿದರೆ ನನ್ನ ಗಂಡ ಮೂಲೆಯಲ್ಲಿ ಬಿದ್ದಿದ್ದ ಡೈನಮೋ ಎತ್ತಿ, ಗೋಣಿತಟ್ಟಿನಲ್ಲಿ ಸುತ್ತಿ ಡಿಕ್ಕಿಯಲ್ಲಿಡುತ್ತಿದ್ದರು.

"ಅದನ್ನ ಯಾಕ ಒಯ್ತೀರಿ? ಗುಜರಿಗೆ ಹಾಕ್ರಿ," ಎಂದೆ.

"ಇರಲಿ," ಎಂದರು.

ಮೂರು ಸಂಜೆ ಮಾತ್ರ ಆ ಬೆಳಕಿನ ಭಾಗ್ಯ. ಆ ಮೂರೂ ಸಂಜೆ ಊರೊಳಗೇ ಓಡಾಡಿದ್ದು, ಬೀದಿ ದೀಪದ ಕೆಳಗೆ. ಸಂತೆಗೆ ಹೋಗುವ ಮೊದಲೇ ಅಮಾವಾಸ್ಯೆ ಬಂತು.

ನಮ್ಮ ಕಡೆ ಅಮಾವಾಸ್ಯೆಗೆ ಗಾಡಿ ತೊಳೆದು, ಲಿಂಬೆಹಣ್ಣು ಕಟ್ಟಿ, ಕಾಯಿ ಒಡೆಯದ ಮನೆ ಇಲ್ಲ. ನಮ್ಮ ಮಾವನವರದು ಇನ್ನೂ ಒಂದು ಹೆಜ್ಜೆ ಮುಂದೆ. ಬ್ಯಾಟರಿಯ ವಯರು ಬಿಚ್ಚಿ, ಬಿಸಿನೀರಿನಿಂದ ಅದರ ತಲೆ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಮತ್ತೆ ವಯರು ಕೂಡಿಸಿ, ಆಮೇಲೆ ಆರತಿ. ಗಾಡಿಯ ಜೀವ ಬ್ಯಾಟರಿಯಲ್ಲಿದೆ, ಜೀವಕ್ಕೆ ಸ್ನಾನ ಮಾಡಿಸದೆ ಮೈ ತೊಳೆದರೆ ಏನು ಬಂತು ಎನ್ನುತ್ತಿದ್ದರಂತೆ. ಮಗನೂ ಅದನ್ನೇ ನಡೆಸಿಕೊಂಡು ಬಂದಿದ್ದರು. ಹೊತ್ತು ಮೂಡುವ ಮೊದಲು, ತಗಡಿನ ಶೆಡ್ಡಿನ ಮಬ್ಬಿನಲ್ಲಿ.

ನಾನು ಒಳಗೆ ಹೋಳಿಗೆಗೆ ಕಣಕ ನಾದುತ್ತಿದ್ದೆ. ಚರ್ರ್ ಎಂದಿತು. ಸುಟ್ಟ ರಬ್ಬರಿನ ವಾಸನೆ ಅಡುಗೆಮನೆಯವರೆಗೂ ಬಂತು. ಹಿಟ್ಟಿನ ಕೈಯಲ್ಲೇ ಓಡಿದೆ. ಬಾನೆಟ್ ಕೆಳಗಿನಿಂದ ಹೊಗೆ, ಆ ಹೊಗೆಯಲ್ಲಿ ಅವರು ಬರಿಗೈಯಿಂದ ವಯರು ಎಳೆಯುತ್ತಿದ್ದರು. ಕುಂಕುಮ ಹಚ್ಚಿದ ಬ್ಯಾಟರಿಗೆ ವಯರು ಉಲ್ಟಾ ಕೂಡಿಸಿದ್ದರು, ಹಳೆಯ ಡೈನಮೋ ಕಾಲದ ಹಾಗೆ.

"ಕೆಂಪ ಟೇಪ್ ಐತಿ ಅಂತ ಹೇಳಿದ್ನಿಲ್ಲೋ ಅಂವ! ಕಣ್ಣ ಎಲ್ಲಿ ಇಟ್ಟಿದ್ರಿ?" ಎಂದು ಕಿರುಚಿದೆ.

"ರೂಢಿ," ಎಂದರು. "ಕೈಗೆ ರೂಢಿ ಬಿದ್ದೈತಿ."

ಎಲೆಕ್ಟ್ರಿಷಿಯನ್ ಫೋನಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ. "ರೂಢಿ ಅಂದ್ರ ಹಂಗರೀ ಅಕ್ಕಾರ. ಅಣ್ಣಾರಿಗೆ ಏನೂ ಅನಬ್ಯಾಡ್ರಿ, ಆಲ್ಟರ್ನೇಟರ್ ಒಳಗಿನ ಪ್ಲೇಟ್ ಸುಟ್ಟೈತಿ, ಹೊಸಾದು ಹಾಕಿದ್ರ ಮುಗೀತು." ಕಾರನ್ನು ಎಳೆಸಿಕೊಂಡು ಸವದತ್ತಿಗೆ ಮುಟ್ಟಿಸಿದೆವು. ಮುಗಿಯುವುದು ಎಂದರೆ ಅವನ ಲೆಕ್ಕದಲ್ಲಿ ಮತ್ತೆ ವಾರಗಳು. ಮದುವೆ ಸೀಜನ್ ತಲೆಯ ಮೇಲಿತ್ತು, ರಾಮದುರ್ಗದಲ್ಲಿ ನಮ್ಮ ಸೀರೆಗಳು ನೇಯ್ದು ತಯಾರಾಗಿ ಕೂತಿದ್ದವು. ನಾನು ಗೇಟಿನ ತನಕ ಹೋಗುತ್ತಿದ್ದೆ, ವಾಪಸು ಬರುತ್ತಿದ್ದೆ, ಖಾಲಿ ಶೆಡ್ಡಿನಲ್ಲಿ ನಿಂತು ನೆಲ ನೋಡುತ್ತಿದ್ದೆ.

ಒಂದು ಸಂಜೆ ನನ್ನ ಗಂಡ ತಾವಾಗಿಯೇ ಮಾತು ತೆಗೆದರು. "ಹಳೇ ಡೈನಮೋನ ಹಾಕಿಬಿಡೋಣೇನು? ನಮಗ ಅದ ಹೊಂದಿಕೊಂಡಿತ್ತು."

"ಆ ಡೈನಮೋ ಮತ್ತ ಏರಿದ್ರ ನಾ ಗಾಡಿ ಏರೂದಿಲ್ಲ," ಎಂದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ. ಆದರೆ ಆ ಹೊತ್ತಿನಲ್ಲಿ ಅವರ ಮುಖ ಸಣ್ಣದಾಗಿದ್ದು ನನಗೆ ಕಂಡಿತು, ಕಂಡೂ ಅದನ್ನು ಜಿಪುಣತನ ಎಂದುಕೊಂಡೆ.

ಕಾರು ರಿಪೇರಿಯಾಗಿ ಬಂದ ಮರುದಿನವೇ ರಾಮದುರ್ಗಕ್ಕೆ ಹೊರಟೆವು. ನೇಕಾರರ ಮನೆಯಲ್ಲಿ ಅವರು ಒಂದೊಂದು ಸೀರೆಯನ್ನೂ ಬಾಗಿಲ ಬಿಸಿಲಿಗೆ ಒಯ್ದು, ಅಂಚು ಬಿಡಿಸಿ, ತಿರುಗಿಸಿ ನೋಡುತ್ತಾ ನಿಂತರು. ಮೊದಲೆಲ್ಲ ಮಗ್ಗದ ಹತ್ತಿರ ಕೂತೇ ಬಣ್ಣ ಆರಿಸುತ್ತಿದ್ದವರು. ನನಗೆ ಅವಸರ, ಸೀರೆಗಳನ್ನು ಕೈಯಿಂದ ಕಿತ್ತುಕೊಂಡು ಗಂಟು ಕಟ್ಟಿದೆ. ಕ್ಯಾರಿಯರ್ ತುಂಬಿತು. ಹೊರಟಾಗ ಹೊತ್ತು ಇಳಿದಿತ್ತು.

ಮನೋಳಿ ಹತ್ತಿರ ಹೊಳೆ ದಾಟುವಾಗ ಲೈಟ್ ಹಾಕಿದರು. ನಾನು ಚಪ್ಪಾಳೆ ತಟ್ಟಿದೆ. ಎಂಥ ಬೆಳಕು! ರಸ್ತೆಯ ಮೇಲಿನ ಹರಳೂ ಕಾಣುತ್ತಿತ್ತು. ಮೈಲಿಗಲ್ಲಿನ ಅಕ್ಷರವನ್ನು ಕೂತಲ್ಲಿಂದಲೇ ಓದಿದೆ. ಹಂಪು ಬಂತು, ನಿಧಾನವಾಯಿತು, ಬೆಳಕು ಹಾಗೆಯೇ ನಿಂತಿತ್ತು. "ನೋಡ್ರಿ, ನೋಡ್ರಿ! ಇದನ್ನ ಬ್ಯಾಡ ಅಂತಿದ್ರೆಲ್ಲ," ಎಂದು ಅವರ ತೋಳು ಚಿವುಟಿದೆ. ಮಗಳಿಗೆ ಫೋಟೋ ತೆಗೆದು ಕಳಿಸಿದೆ. ಆಮೇಲೆ ನನ್ನ ಜನ್ಮದಲ್ಲೇ ಮೊದಲ ಸಲ ಸೀಟಿಗೆ ಪೂರ್ತಿ ಒರಗಿ, ಕೈ ಮಡಿಲಲ್ಲಿಟ್ಟು, ಸುಮ್ಮನೆ ಕೂತೆ. ಹೇಳುವುದಕ್ಕೆ ಏನಿತ್ತು? ಎಲ್ಲ ಎದುರಿಗೇ ಇತ್ತು.

"ಏನ ಬಂತ ಮುಂದ?" ಎಂದರು ಸ್ವಲ್ಪ ಹೊತ್ತಿಗೆ.

"ಏನ ಕೇಳ್ತೀರಿ, ಹಗಲ ಆದಂಗ ಆಗೈತಿ," ಎಂದು ನಕ್ಕೆ.

ಮುರಗೋಡ ಇನ್ನೂ ದೂರವಿತ್ತು. ರಸ್ತೆ ಸಣ್ಣದಾಗಿ ಎಡಕ್ಕೆ ಬಾಗಿ ಮತ್ತೆ ನೇರವಾಯಿತು. ದೂರದಲ್ಲಿ ಕಬ್ಬಿನ ಟ್ರೇಲರ್ ಕಂಡಿತು. ನಮ್ಮ ಬೆಳಕು ಅದರ ಹಿಂಬದಿಗೆ ಪೂರ್ತಿ ಬಿದ್ದು ಒಂದೊಂದು ಗಣಿಕೆಯ ಗಿಣ್ಣೂ ಎಣಿಸುವ ಹಾಗಿತ್ತು. ನಾನು ಅದನ್ನು ನೋಡುತ್ತಲೇ ಕೂತೆ. ಹತ್ತಿರವಾಯಿತು. ಈಗ ಬ್ರೇಕ್ ಹಾಕುತ್ತಾರೆ ಎಂದುಕೊಂಡೆ. ಇನ್ನೂ ಹತ್ತಿರವಾಯಿತು. ಅವರ ಕಾಲು ಅಲ್ಲಾಡಲಿಲ್ಲ.

"ರೀ!" ಎಂದು ಚೀರಿದೆ. "ಟ್ರೇಲರ್! ಮುಂದ ಟ್ರೇಲರ್!"

ಕಾರು ಕಿರುಗುಟ್ಟುತ್ತಾ ಅಡ್ಡಡ್ಡ ಜಾರಿ ನಿಂತಾಗ ಕಬ್ಬಿನ ಸೋಗೆ ಬಾನೆಟ್ಟಿನ ಮೇಲೆ ಒರಗಿತ್ತು. ಕ್ಯಾರಿಯರಿನ ಒಂದು ಗಂಟು ಜಾರಿ ಗಾಜಿನ ಮುಂದೆ ಬಿತ್ತು. ಎಂಜಿನ್ ಬಂದಾಯಿತು. ಲೈಟ್ ಮಾತ್ರ ಉರಿಯುತ್ತಲೇ ಇತ್ತು.

ಅವರು ಸ್ಟೇರಿಂಗ್ ಹಿಡಿದೇ ಕೂತಿದ್ದರು. "ಹೇಳಲಿಲ್ಲಲ್ಲ ನೀ," ಎಂದರು.

"ಏನ ಹೇಳೂದ್ರಿ? ಎದುರಿಗೇ ಇತ್ತಲ್ಲ!"

"ಡೈನಮೋ ಇದ್ದಾಗ ಹೇಳ್ತಿದ್ದಿ."

ನನಗೆ ಮೊದಲು ಸಿಟ್ಟು ಬಂತು. ಆಮೇಲೆ ಆ ಮಾತು ಒಳಗೆ ಇಳಿಯಿತು. ಬಾಗಿಲ ಬಿಸಿಲಿಗೆ ಒಯ್ದ ಸೀರೆ, ಮುಂದೂಡಿದ ಅಮಾವಾಸ್ಯೆಗಳು, ಡಿಕ್ಕಿಯಲ್ಲಿ ಮಲಗಿದ ಡೈನಮೋ, ಎಲ್ಲ ಒಟ್ಟಿಗೆ ನೆನಪಾದವು.

"ಅಮಾಸಿ ದಿವಸ ವಯರ್ ಉಲ್ಟಾ ಕೂಡ್ಸಿದ್ದು?" ಎಂದೆ.

"ರೂಢಿ ಅಲ್ಲ," ಎಂದರು. "ಕೆಂಪು ಯಾವುದು, ಕರಿದು ಯಾವುದು ಗೊತ್ತಾಗಲಿಲ್ಲ. ನಿನ್ನ ಕೇಳಿದ್ರ ನಿನಗ ತಿಳೀತಿತ್ತು."

"ಕಣ್ಣ ಹಿಂಗಾಗಿ ಎಷ್ಟ ದಿನಾ ಆತ್ರಿ?"

"ಎರಡ ದೀಪಾವಳಿ ಆದ್ವು. ಡೈನಮೋ ಇದ್ದಷ್ಟ ದಿನ ನಡೀತು. ಲೈಟ್ ಮಂದ ಐತಿ ಅಂತ ನೀ ತಿಳ್ಕೊಂಡಿದ್ದಿ, ಎಲ್ಲಾ ಹೇಳ್ತಿದ್ದಿ. ಗಾಡಿ ಹೊಡಿಯೂದು ನಿಂತ್ರ ನೀ ಬಾಜೂಕ ಕುಂದ್ರೂದು ನಿಲ್ತೈತಿ ಅಂತ ಹೇಳಲಿಲ್ಲ."

ಸೀರೆ ಮಾರುವ ಮನುಷ್ಯನಿಗೆ ಕೆಂಪು ಕಾಣುತ್ತಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅವರಿಗೋಸ್ಕರ ಅತ್ತೆನೋ, ಹೇಳದೆ ಇಬ್ಬರ ಜೀವವನ್ನೂ ಪಣಕ್ಕಿಟ್ಟರಲ್ಲ ಎಂಬ ಸಿಟ್ಟಿಗೆ ಅತ್ತೆನೋ, ಎರಡೂ ಇತ್ತು.

ಅಷ್ಟರಲ್ಲಿ ಟ್ರ್ಯಾಕ್ಟರ್ ಡ್ರೈವರ್ ಇಳಿದು ಬಂದ. ನಮ್ಮ ಲೈಟಿನ ಹೊಡೆತಕ್ಕೆ ಅಂಗೈ ಅಡ್ಡ ಹಿಡಿದು, ಕಣ್ಣು ಕಿರಿದು ಮಾಡಿ ನಿಂತು ಕೂಗಿದ. "ಇಷ್ಟ ಬೆಳಕ ಬಿಟಗೊಂಡ ಬರಾಕತ್ತೀರಿ, ನನ್ನ ಟ್ರೇಲರ್ ಕಾಣಲಿಲ್ಲೇನ್ರಿ ಯಜಮಾನ್ರ?"

ಅವರು ಬಾಯಿ ತೆರೆಯುವ ಮೊದಲೇ ನಾನು ಕಿಟಕಿಯಿಂದ ತಲೆ ಹೊರಹಾಕಿದೆ.

"ತಪ್ಪ ತಿಳೀಬ್ಯಾಡಪ್ಪಾ. ಹಳೇ ಗಾಡಿ. ಲೈಟ್ ಮಂದ ಅದಾವ."

ಅವನು ಲೈಟ್ ನೋಡಿದ, ನನ್ನನ್ನು ನೋಡಿದ, ಮತ್ತೆ ಕಣ್ಣಿಗೆ ಕೈ ಅಡ್ಡ ಹಿಡಿದುಕೊಂಡು ಲೈಟ್ ನೋಡಿದ. ಏನೋ ಗೊಣಗಿ ಟ್ರ್ಯಾಕ್ಟರ್ ಏರಿ ಹೊರಟುಹೋದ.

ನಾನು ಇಳಿದು ಬಿದ್ದ ಗಂಟು ಎತ್ತಿ ಹಿಂದಿನ ಸೀಟಿಗೆ ಹಾಕಿದೆ. ಸುತ್ತುಹಾಕಿ ಬಲಗಡೆಯ ಬಾಗಿಲು ತೆರೆದೆ. "ಆ ಕಡೆ ಸರೀರಿ," ಎಂದೆ. ಅವರು ಕೂತಲ್ಲೇ ಗೇರ್ ದಾಟಿ ಎಡಕ್ಕೆ ಸರಿದರು. ಕತ್ತಲಲ್ಲಿ ನಾನು ಎಂದೂ ಓಡಿಸಿರಲಿಲ್ಲ. ಆದರೆ ಕತ್ತಲಿನ ಆ ರಸ್ತೆ ನನಗೆ ಬಾಯಿಪಾಠವಾಗಿತ್ತು.

"ನಾಳೆ ಮುಂಜಾನೆ ಬೆಳಗಾವಿಗೆ, ಕಣ್ಣಿನ ದವಾಖಾನಿಗೆ. ಈ ಸರ್ತೆ ಅಮಾಸಿ ಗಿಮಾಸಿ ಅನ್ನಂಗಿಲ್ಲ," ಎಂದೆ.

"ಆತು ತಗೋ," ಎಂದರು.

ಎಂಜಿನ್ ಚಾಲೂ ಮಾಡಿ ಹೊರಟೆ. ಅವರು ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಮುಂದಕ್ಕೆ ಬಾಗಿ ಕೂತಿದ್ದರು, ನಾನು ಕೂರುತ್ತಿದ್ದ ಹಾಗೆಯೇ. ಆ ಸೀಟಿನಲ್ಲಿ ಕೂತವರಿಗೆ ಒಂದು ಕೆಲಸ ಬೇಕು, ಇಲ್ಲದಿದ್ದರೆ ದಾರಿ ಸಾಗುವುದಿಲ್ಲ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಕೇಳ್ರಲಾ," ಎಂದೆ.

ಅವರು ನನ್ನ ಕಡೆ ತಿರುಗಿ ಕೇಳಿದರು. "ಏನ ಬಂತ ಮುಂದ?"

"ಎಡಕ್ಕ ಎಮ್ಮಿ ಅದಾವ್ರಿ," ಎಂದೆ. "ಒಂದ ಸೈಕಲ್ ಬರಾಕತ್ತೈತಿ. ಅದರ ಹಿಂದ ಹಂಪು." ಹಾಗೆ ಕೂಗುತ್ತಲೇ ಬೈಲಹೊಂಗಲದ ತನಕ ಓಡಿಸಿದೆ.